ಗಾಯದ ಹೊಲಿಗೆ

ಕೌಂಟರಿನ ಹೆಂಗಸು ಎದ್ದು ಬಂದು ಒಳಬಾಗಿಲಿಗೆ ಅಡ್ಡ ನಿಂತಳು. ಅವಳ ಭಾಷೆ ಟೈಲರಮ್ಮನಿಗೆ ಒಂದಕ್ಷರವೂ ತಿಳಿಯದು. ಆದರೆ ಬಾಗಿಲಿಗೆ ಅಡ್ಡ ನಿಂತವರ ಮಾತು ಅರ್ಥವಾಗಲು ಯಾವ ದೇಶದಲ್ಲೂ ನಿಘಂಟು ಬೇಕಾಗುವುದಿಲ್ಲ.

ಬೆಂಚಿನ ಮೇಲೆ ಕಾಯುತ್ತಿದ್ದ ಮೂರು ನಾಯಿಗಳು, ಬುಟ್ಟಿಯೊಳಗಿನ ಒಂದು ಬೆಕ್ಕು, ಅವುಗಳ ಯಜಮಾನರು, ಎಲ್ಲರೂ ಟೈಲರಮ್ಮನನ್ನೇ ನೋಡಿದರು. ಪ್ರಾಣಿಗಳ ಆಸ್ಪತ್ರೆಗೆ ಪ್ರಾಣಿ ಇಲ್ಲದೆ ಬಂದವಳು ಅವಳೊಬ್ಬಳೇ.

"ಡಾಕ್ಟ್ರೇ!" ಎಂದು ಅವಳು ನಿಂತಲ್ಲಿಂದಲೇ ಕೂಗಿದಳು. "ನೀವು ಹೊರಗೆ ಬರ್ತೀರೋ, ನಾನೇ ಒಳಗೆ ಬರ್ಲೋ?"

ಒಂದು ನಾಯಿ ಬೊಗಳಿತು. ಬಾಗಿಲು ತೆರೆದು ದನದ ಡಾಕ್ಟರ್ ಇಣುಕಿದ.

ಅವನು ಈ ಊರಿಗೆ ಬಂದು ಹದಿನೇಳು ವರ್ಷ. ಅಷ್ಟು ವರ್ಷದಲ್ಲಿ ಒಂದೇ ಒಂದು ದನದ ಬಾಲ ಮುಟ್ಟಿದವನಲ್ಲ. ನಾಯಿಗಳ ಉಗುರು ಕತ್ತರಿಸಿ, ಬೆಕ್ಕುಗಳಿಗೆ ಸೂಜಿ ಚುಚ್ಚಿಯೇ ಮೂರು ಅಂತಸ್ತಿನ ಮನೆ ಎಬ್ಬಿಸಿದ್ದ. ಆದರೂ ಬಂಧುಬಳಗದ ಬಾಯಲ್ಲಿ ಅವನು ಇವತ್ತಿಗೂ ದನದ ಡಾಕ್ಟರೇ.

"ಅತ್ತಿಗೆ! ಇದೇನು ಇಷ್ಟು ಬೇಗ? ಕೋರ್ಟು ಮೂರು ಗಂಟೆಗಲ್ವಾ?"

ಅವನ ತಮ್ಮ, ಅಂದರೆ ಟೈಲರಮ್ಮನ ತಂಗಿಯ ಗಂಡ, ಅವಳನ್ನು ಅತ್ತಿಗೆ ಎನ್ನುತ್ತಿದ್ದ. ಆ ಪ್ರೀತಿಯ ಮಾತನ್ನು ಇವನು ತೆಗೆದುಕೊಂಡಿದ್ದ, ಪ್ರೀತಿಯನ್ನು ಅಲ್ಲೇ ಬಿಟ್ಟಿದ್ದ.

"ಕೋರ್ಟಿಗೆ ಮುಂಚೆ ನಿಮ್ಮ ಹತ್ರ ಒಂದು ಕೆಲಸ ಇದೆ," ಎಂದು ಅವಳು ಅವನನ್ನು ದಾಟಿಕೊಂಡು ಒಳಗೆ ಹೋದಳು. ಚಿಲಕವನ್ನೂ ಅವಳೇ ಹಾಕಿದಳು.

ಕೋಣೆಯ ನಡುವೆ ಉದ್ದನೆಯ ಸ್ಟೀಲಿನ ಮೇಜು. ಮೇಲೆ ಬಗ್ಗಿಸಬಹುದಾದ ಕತ್ತಿನ ದೊಡ್ಡ ದೀಪ. ಗೋಡೆಯ ಪಕ್ಕ ಔಷಧಿಯ ಕಪಾಟು, ಒದ್ದೆ ಕೂದಲಿನ ವಾಸನೆ. ಟೈಲರಮ್ಮ ಸೊಂಟದಿಂದ ಒಂದು ನೀಲಿ ಬಟ್ಟೆಯ ಸಂಚಿ ಬಿಚ್ಚಿ ಮೇಜಿನ ಮೇಲೆ ಎಸೆದಳು.

ಒಂದು ಗಂಟೆಯ ಹಿಂದೆ ಲಾಡ್ಜಿನಲ್ಲಿ ಆ ಸಂಚಿಯ ಹೊಲಿಗೆ ಬಿಚ್ಚಿದಾಗ ಅದರೊಳಗೆ ಪಾಸ್‌ಪೋರ್ಟ್ ಇರಲಿಲ್ಲ. ಪಾಸ್‌ಪೋರ್ಟಿನ ಅಳತೆಗೆ ಕತ್ತರಿಸಿದ ಎರಡು ರಟ್ಟಿನ ತುಂಡು, ನಡುವೆ ಒಂದಿಷ್ಟು ಹತ್ತಿ ಇತ್ತು.

ಪರದೇಶದಲ್ಲಿ ಪಾಸ್‌ಪೋರ್ಟ್ ಕಳೆದುಕೊಂಡರೆ ಅರ್ಧ ಪ್ರಾಣ ಕಳೆದುಕೊಂಡ ಹಾಗೆ ಎಂದು ಊರಿನಲ್ಲಿ ಹತ್ತು ಜನ ಹೆದರಿಸಿದ್ದರು. ಅದಕ್ಕೇ ಅವಳು ಅದನ್ನು ಸಂಚಿಯೊಳಗಿಟ್ಟು, ಬಾಯಿ ಹೊಲಿದು, ಲಂಗದ ಲಾಡಿಗೆ ಕಟ್ಟಿಕೊಂಡಿದ್ದಳು. ದಿನಕ್ಕೆ ನಲವತ್ತು ಸಲ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಈಗ ನೋಡಿದರೆ, ನಾಲ್ಕು ದಿನ ಒಂದು ರಟ್ಟಿನ ತುಂಡನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದಳು! ಸಿಟ್ಟು ಕಳ್ಳನ ಮೇಲೆ ಎಷ್ಟಿತ್ತೋ ತನ್ನ ಮೇಲೂ ಅಷ್ಟೇ ಇತ್ತು.

ಬರೀ ಪುಸ್ತಕ ಹೋಗಿದ್ದರೆ ಹೋಗಲಿ ಎನ್ನಬಹುದಿತ್ತು. ಹೋಗುತ್ತಿದ್ದದ್ದು ಮಗು. ಐದು ತಿಂಗಳ ಹಿಂದೆ ಅವಳ ತಂಗಿ, ತಂಗಿಯ ಗಂಡ, ಇಬ್ಬರೂ ಒಂದೇ ಕಾರಿನಲ್ಲಿ ಒಂದೇ ತಿರುವಿನಲ್ಲಿ ಮುಗಿದುಹೋದರು. ಹಿಂದಿನ ಸೀಟಿನಲ್ಲಿದ್ದ ಆರು ವರ್ಷದ ಪುಟ್ಟಿ ಉಳಿದಳು. ನಮಗೇನಾದರೂ ಆದರೆ ಮಗು ಅಕ್ಕನಿಗೆ ಎಂದು ತಂಗಿ ಬರೆದಿಟ್ಟ ಕಾಗದವಿತ್ತು. ಮಗು ನಮ್ಮ ವಂಶದ್ದು, ನಮಗೇ ಸೇರಬೇಕು ಎಂದು ತಂಗಿಯ ಭಾವ, ಅಂದರೆ ಈ ದನದ ಡಾಕ್ಟರ್, ಹಾಕಿದ ಅರ್ಜಿಯೂ ಇತ್ತು. ಇವತ್ತು ಮೂರು ಗಂಟೆಗೆ ಅವಳು ಅಸಲು ಪಾಸ್‌ಪೋರ್ಟ್ ಹಿಡಿದು ಜಡ್ಜ್ ಮುಂದೆ ಖುದ್ದಾಗಿ ನಿಲ್ಲಬೇಕು. ನಿಲ್ಲದಿದ್ದರೆ ಪುಟ್ಟಿ ಅವನ ಪಾಲು.

ಡಾಕ್ಟರ್ ಸಂಚಿಯನ್ನು ಎತ್ತಿ ನೋಡಿ, ರಟ್ಟು ನೋಡಿ, ಹುಬ್ಬು ಗಂಟಿಕ್ಕಿದ.

"ಅಯ್ಯೋ. ಪಾಸ್‌ಪೋರ್ಟ್ ಎಲ್ಲಿ?"

"ಅದನ್ನೇ ಕೇಳೋಕೆ ಬಂದೆ."

"ಈ ಊರು ಮೊದಲಿನ ಹಾಗಿಲ್ಲ ಅತ್ತಿಗೆ. ಟ್ಯಾಕ್ಸಿಯವನು ಇರಬಹುದು. ಲಾಡ್ಜಿನ ಕೆಲಸದವಳು ಇರಬಹುದು. ನೀವು ಗಾಬರಿ ಆಗ್ಬೇಡಿ. ಮೊದಲು ಪೊಲೀಸ್ ಕಂಪ್ಲೇಂಟು. ಅದರ ಪ್ರತಿ ಹಿಡ್ಕೊಂಡು ಎಂಬಸಿ. ಎರಡು ಫೋಟೊ, ಒಂದು ಫಾರಂ. ಅವರು ಊರಿಗೆ ಬರೆದು ವಿಚಾರಿಸಿ ತಾತ್ಕಾಲಿಕ ಕಾಗದ ಕೊಡ್ತಾರೆ. ಬೇಗ ಅಂದ್ರೂ ನಾಲ್ಕು ದಿನ."

"ನಾಲ್ಕು ದಿನ ಅನ್ನೋದು ನಿಮಗೆ ಬಾಯಿಪಾಠ ಆಗಿದೆಯಲ್ಲ. ಮೊದಲೇ ವಿಚಾರಿಸಿ ಇಟ್ಕೊಂಡಿದ್ರಾ?"

ಅವನು ಕೈಗವಸು ಕಳಚಿ ಬುಟ್ಟಿಗೆ ಹಾಕಿದ.

"ಟ್ಯಾಕ್ಸಿಯವನು ಕದ್ದಿದ್ರೆ ಕಿತ್ಕೊಂಡು ಹೋಗ್ತಿದ್ದ," ಎಂದಳು ಟೈಲರಮ್ಮ. "ಲಾಡ್ಜಿನವಳು ಕದ್ದಿದ್ರೆ ಸಂಚಿ ಸಮೇತ ಹೋಗ್ತಿತ್ತು. ಕದ್ದು, ಅಳತೆಗೆ ಸರಿಯಾಗಿ ರಟ್ಟು ಕತ್ತರಿಸಿ, ತುರುಕಿ, ತಿರುಗಿ ಹೊಲಿದು ಇಡೋ ವ್ಯವಧಾನ ಯಾವ ಕಳ್ಳನಿಗಿದೆ? ಇವತ್ತಿನವರೆಗೂ ನನಗೆ ಗೊತ್ತಾಗಬಾರದು ಅಂತ ಯಾರಿಗೆ ಬೇಕಿತ್ತೋ ಅವರ ಕೆಲಸ ಇದು."

"ನನ್ನ ಮೇಲೆ ಅನುಮಾನಾನಾ?"

"ಸಂಚಿ ನನ್ನ ಮೈಯಿಂದ ಇಳಿದದ್ದು ಒಂದೇ ಸಲ. ಬಂದ ದಿನ, ನಿಮ್ಮ ಮನೇಲಿ. ನೆನೆಯುತ್ತೆ ಅಂತ ಮಂಚದ ಮೇಲಿಟ್ಟು ಸ್ನಾನಕ್ಕೆ ಹೋದೆ. ಆರಾಮಾಗಿ ಸ್ನಾನ ಮಾಡಿ ಅತ್ತಿಗೆ, ಬಿಸಿನೀರು ಬೇಕಾದಷ್ಟಿದೆ ಅಂತ ಬಾಗಿಲಾಚೆಯಿಂದ ಹೇಳಿದ್ದು ನೀವೇ. ಅಷ್ಟು ಅಕ್ಕರೆ ಯಾಕಪ್ಪ ಅಂತ ಅವತ್ತೇ ಅನ್ನಿಸಬೇಕಿತ್ತು ನನಗೆ."

"ಮನೇಲಿ ನಾನೊಬ್ಬನೇ ಇದ್ನಾ? ನನ್ನ ಹೆಂಡತಿ ಇರಲಿಲ್ವಾ?"

ಗಂಡನೆಂದರೆ ಹೀಗಿರಬೇಕು! ಕಷ್ಟ ಬಂದ ಅರೆಗಳಿಗೆಯಲ್ಲೇ ಕಟ್ಟಿಕೊಂಡವಳನ್ನು ಮುಂದಕ್ಕೆ ತಳ್ಳಿದ. ಟೈಲರಮ್ಮನಿಗೆ ನಗು ಬಂತು, ಆದರೆ ನಗುವ ಹೊತ್ತಲ್ಲ.

"ಅಂಗಿಯ ಗುಂಡಿ ಬಿದ್ರೆ ಅಂಗೀನೇ ಎಸೆಯೋ ಹೆಂಗಸು ಅದು. ನನ್ನ ತಂಗಿ ಫೋನಿನಲ್ಲಿ ಹೇಳಿ ಹೇಳಿ ನಗ್ತಿದ್ಲು, ನನ್ನ ವಾರಗಿತ್ತಿಗೆ ಸೂಜಿಯ ಯಾವ ಕಡೆ ಚುಚ್ಚುತ್ತೆ ಅಂತಾನೇ ಗೊತ್ತಿಲ್ಲ ಅಂತ. ಇದು ಸೂಜಿ ಹಿಡಿದು ಪಳಗಿದ ಕೈ. ಬನ್ನಿ ಇಲ್ಲಿ, ನೋಡಿ."

ಅವಳು ದೊಡ್ಡ ದೀಪದ ಕತ್ತು ಹಿಡಿದು ಕೆಳಗೆ ಬಗ್ಗಿಸಿದಳು. ಸಂಚಿಯ ಬಾಯಿಗೆ ಒಟ್ಟು ಹನ್ನೊಂದು ಹೊಲಿಗೆ ಬಿದ್ದಿತ್ತು. ಐದನ್ನು ಅವಳು ಬಿಚ್ಚಿದ್ದಳು. ಆರನೆಯದಕ್ಕೆ ಕತ್ತರಿ ಇಡುವಾಗ ಕೈ ತಾನಾಗಿ ನಿಂತಿತ್ತು. ಇಪ್ಪತ್ತೆರಡು ವರ್ಷ ರವಿಕೆ ಹೊಲಿದ ಕಣ್ಣು ಅದು, ನಾಲ್ಕು ದಿನ ಮೋಸ ಹೋದರೂ, ಬಿಚ್ಚಿ ನೋಡಿದ ಮೇಲೆ ಮೋಸ ಕಂಡುಹಿಡಿಯಲು ಹೊತ್ತು ಹಿಡಿಯಲಿಲ್ಲ.

"ಬಟ್ಟೆ ಹೊಲಿಯೋರು ಒಂದೇ ದಾರದಲ್ಲಿ ಓಡಿಸ್ಕೊಂಡು ಹೋಗಿ ಕೊನೇಲಿ ಒಂದು ಗಂಟು ಹಾಕ್ತಾರೆ. ಇಲ್ಲಿ ಏನಿದೆ? ಒಂದು ಹೊಲಿಗೆ, ಒಂದು ಗಂಟು, ಕತ್ತರಿ. ಇನ್ನೊಂದು ಹೊಲಿಗೆ, ಇನ್ನೊಂದು ಗಂಟು, ಕತ್ತರಿ. ಯಾವ ಟೈಲರ್ ಹೀಗೆ ಹೊಲಿಯೋಕೆ ಕೂತ್ರೂ ಸಂಜೆ ಹೊತ್ತಿಗೆ ಒಂದು ತೋಳೂ ಮುಗಿಯಲ್ಲ. ಇದು ಬಟ್ಟೆಯ ಹೊಲಿಗೆ ಅಲ್ಲ ಡಾಕ್ಟ್ರೇ. ಗಾಯದ ಹೊಲಿಗೆ. ಒಂದು ಕಿತ್ತುಹೋದ್ರೂ ಉಳಿದದ್ದು ಬಿಟ್ಟುಕೊಡಬಾರದು ಅಂತ ಒಂದೊಂದಕ್ಕೂ ಗಂಟು."

"ಗಾಯದ ಹೊಲಿಗೆ ನೀವೆಲ್ಲಿ ನೋಡಿದ್ರಿ?"

"ನನ್ನ ಹೊಟ್ಟೆ ಮೇಲೆ. ಆಪರೇಷನ್ ಆದಾಗ ಹತ್ತು ದಿನ ಕನ್ನಡಿ ಹಿಡಿದು ನೋಡ್ಕೊಂಡೆ, ಎಷ್ಟು ಚೆನ್ನಾಗಿ ಹೊಲಿದಿದಾನೆ ಅಂತ."

ಡಾಕ್ಟರ್ ನಗಲು ನೋಡಿದ. "ಇದನ್ನ ಕೋರ್ಟಿನಲ್ಲಿ ಹೇಳ್ತೀರಾ? ಗಂಟು ನೋಡಿ ಕಳ್ಳನ್ನ ಹಿಡಿದೆ ಅಂತ?"

"ಗಂಟು ಸಾಲದಿದ್ರೆ ದಾರ ಇದೆ."

ಅವಳು ಪರ್ಸಿನಿಂದ ಬೆಂಕಿಪೊಟ್ಟಣ ತೆಗೆದಳು. ಬಟ್ಟೆ ಅಂಗಡಿಯವನು ಅಪ್ಪಟ ಹತ್ತಿ ಎಂದು ಆಣೆ ಹಾಕಿದರೂ ಒಂದು ಎಳೆ ಸುಟ್ಟು ನೋಡಿಯೇ ನಂಬುವುದು ಟೈಲರುಗಳ ಜಾತಿ. ಸಂಚಿಯ ಪಕ್ಕದ ಅಂಚಿನಿಂದ ತನ್ನದೇ ನೂಲಿನ ಒಂದು ಎಳೆ ಕಿತ್ತು ಕಡ್ಡಿಗೆ ಹಿಡಿದಳು. ಅದು ಉರಿದು, ಕಾಗದ ಸುಟ್ಟ ವಾಸನೆ ಬಂದು, ಬೂದಿಯಾಗಿ ಉದುರಿತು. ಆಮೇಲೆ ಬಾಯಿಯ ಹೊಲಿಗೆಯಿಂದ ಬಿಚ್ಚಿದ ಒಂದು ತುಂಡು ಹಿಡಿದಳು. ಅದೂ ನೀಲಿಯೇ. ಅದು ಉರಿಯಲಿಲ್ಲ. ಸುರುಟಿಕೊಂಡು, ಕರಗಿ, ತುದಿಯಲ್ಲಿ ಸಾಸಿವೆ ಕಾಳಿನಷ್ಟು ಗಟ್ಟಿ ಉಂಡೆಯಾಯಿತು.

"ನೈಲಾನು," ಎಂದಳು. "ನನ್ನ ಹತ್ರ ಇಲ್ಲ. ಲಾಡ್ಜಿನವಳ ಹತ್ರ ಇಲ್ಲ. ನಿಮ್ಮ ಹಿಂದಿನ ಟ್ರೇನಲ್ಲಿದೆ ನೋಡಿ, ಪೊಟ್ಟಣ ಪೊಟ್ಟಣ. ಬಣ್ಣ ಚೆನ್ನಾಗಿ ಹೊಂದಿಸಿದಿರಿ. ಆದ್ರೆ ಡಾಕ್ಟರ ಕೈಗೆ ಹೊಲಿಗೆ ಅಂದ್ರೆ ಒಂದೇ ಥರ ಗೊತ್ತಿರೋದು, ಬಟ್ಟೆಯಾದ್ರೂ ಅಷ್ಟೇ, ನಾಯಿಯಾದ್ರೂ ಅಷ್ಟೇ."

 ಪಕ್ಕದ ಕೋಣೆಯಲ್ಲಿ ಯಾರೋ ನಾಯಿಯೊಂದಕ್ಕೆ ಸ್ನಾನ ಮಾಡಿಸುತ್ತಿದ್ದರು. ಡಾಕ್ಟರ್ ಆ ಕರಗಿದ ಉಂಡೆಯನ್ನು ಉಗುರಿನಿಂದ ಮೇಜಿನ ಕೆಳಗೆ ಚಿಮ್ಮಿದ. ಮುಖದ ಮೇಲಿನ ಮರ್ಯಾದೆಯೂ ಅದರ ಜೊತೆಗೇ ಹೋಯಿತು.

"ಹೌದು. ನಾನೇ ತಗೊಂಡೆ. ಏನೀಗ?"

ಅವನು ಇಷ್ಟು ಬೇಗ ಒಪ್ಪಿಕೊಳ್ಳುತ್ತಾನೆಂದು ಅವಳು ಎಣಿಸಿರಲಿಲ್ಲ. ಅವನು ಅಲ್ಲಿಗೇ ನಿಲ್ಲಿಸಲೂ ಇಲ್ಲ.

"ಎರಡು ಮಿಷನ್ನಿನ ಅಂಗಡಿ, ಅದರ ಹಿಂದೇನೇ ಅಡುಗೆಮನೆ, ಅಲ್ಲೇ ಹಾಸಿಗೆ. ಅಲ್ಲಿ ಬೆಳೆಸ್ತೀರಾ ನನ್ನ ತಮ್ಮನ ಮಗಳನ್ನ? ಇಲ್ಲಿ ಅವಳಿಗೆ ಸ್ವಂತ ಕೋಣೆ ಇದೆ, ಸ್ಕೂಲಿದೆ. ನೀವು ಏನು ಕೊಡ್ತೀರಿ? ಕಾಜಾ ಗುಂಡಿ ಹಾಕೋದು ಕಲಿಸ್ತೀರಾ?"

"ಆ ಎರಡು ಮಿಷನ್ನು ತುಳಿದೇ ನಿನ್ನ ತಮ್ಮನ ಹೆಂಡತೀನ ನಾನು ಓದಿಸಿದ್ದು!" ಬಹುವಚನ ಎಲ್ಲಿ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ. "ಕೋಣೆ ಕೊಟ್ಟೆಯಂತೆ! ಐದು ತಿಂಗಳಲ್ಲಿ ಒಂದು ಸಲ ಆ ಮಗೂನ ತೊಡೆ ಮೇಲೆ ಕೂರಿಸ್ಕೊಂಡಿದೀಯಾ? ನಾಯಿಗೆ ಕೊಡೋ ಸಮಯ ಅದಕ್ಕೆ ಕೊಟ್ಟಿದೀಯಾ?"

ಬಂದ ದಿನ ಪುಟ್ಟಿ ಸ್ಕೂಲಿನಲ್ಲಿದ್ದಳು. ಮೊನ್ನೆ ಒಂದು ಗಂಟೆ, ಒಂದೇ ಗಂಟೆ, ಪುಟ್ಟಿಯನ್ನು ನೋಡಲು ಬಿಟ್ಟಿದ್ದರು. ತಂಗಿಯ ವಾರಗಿತ್ತಿ, ಅಂದರೆ ಇವನ ಹೆಂಡತಿ, ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ಪುಟ್ಟಿ ಮೊದಲು ಹತ್ತಿರ ಬರಲಿಲ್ಲ. ಆಮೇಲೆ ದೊಡ್ಡಮ್ಮನ ಕತ್ತಿನಲ್ಲಿದ್ದ ಅಳತೆ ಟೇಪು ಎಳೆದುಕೊಂಡು ಅವಳ ಮೊಣಕೈಯಿಂದ ಬೆರಳಿನ ತುದಿಯವರೆಗೆ ಅಳೆದು, "ಅಮ್ಮಂದೂ ಇಷ್ಟೇ ಇತ್ತು," ಎಂದಿದ್ದಳು. ಅಲ್ಲಿಂದೀಚೆಗೆ ಟೈಲರಮ್ಮನಿಗೆ ಊಟ ರುಚಿಸಿರಲಿಲ್ಲ. ಈ ಮಗುವನ್ನು ಬಿಟ್ಟು ಊರಿಗೆ ಹೋಗುವುದಾದರೆ ಹೋಗುವುದೇ ಬೇಡ ಎಂದು ತೀರ್ಮಾನವಾಗಿತ್ತು.

"ಈಗ ಕೇಳು," ಎಂದಳು. "ಪಾಸ್‌ಪೋರ್ಟ್ ಕೊಡು, ಈ ಸಂಚಿ ಇಲ್ಲೇ ಸುಟ್ಟುಹಾಕ್ತೀನಿ. ಕೊಡದಿದ್ರೆ ಮೂರು ಗಂಟೆಗೆ ಜಡ್ಜ್ ಮುಂದೆ ಈ ಆರು ಹೊಲಿಗೆ ಇಡ್ತೀನಿ. ನನಗೆ ಭಾಷೆ ಬರಲ್ಲ, ನನ್ನ ವಕೀಲನಿಗೆ ಬರುತ್ತೆ. ಇಷ್ಟು ದಿನ ಫೋನಿನಲ್ಲೇ ಮಾತು, ಇವತ್ತು ಮುಖಾಮುಖಿ ಆಗ್ತಾನೆ. ಮಗು ಸಿಕ್ಕುತ್ತೋ ಇಲ್ವೋ, ನಿನ್ನ ಡಾಕ್ಟರಿಕೆಯ ಲೈಸೆನ್ಸು ಮಾತ್ರ ಈ ಊರಲ್ಲಿ ಉಳಿಯಲ್ಲ."

ಲೈಸೆನ್ಸು ಎಂಬ ಮಾತು ನಾಟಿತು. ಡಾಕ್ಟರ್ ಹಲ್ಲು ಕಚ್ಚಿಕೊಂಡು ಅವಳನ್ನು ನೋಡಿದ. ಆ ನೋಟಕ್ಕೆ ಶಕ್ತಿಯಿದ್ದಿದ್ದರೆ ಅವಳು ಅಲ್ಲೇ ಬೂದಿಯಾಗುತ್ತಿದ್ದಳು.

"ಮೂರು ಗಂಟೆ ಆದ್ಮೇಲೆ ಲಾಡ್ಜಿನ ಬಾಗಿಲ ಕೆಳಗೆ ತೂರಿಸೋಣ ಅಂತಿದ್ದೆ," ಎಂದ. "ನಾನೇನು ಮಾರ್ಕೊಳ್ತಿರಲಿಲ್ಲ."

"ದೊಡ್ಡ ಉಪಕಾರ. ತೆಗಿ."

ಅವನು ಜೇಬಿನಿಂದ ಬೀಗದ ಕೈ ತೆಗೆದು ಗೋಡೆಯ ಕಪಾಟಿನ ಕೆಳಗಿನ ಖಾನೆ ತೆರೆದ. ಪ್ರಜ್ಞೆ ತಪ್ಪಿಸುವ ಔಷಧಿಗಳ ಖಾನೆ ಅದು, ಸದಾ ಬೀಗ. ಮುಂದಿನ ಸಾಲಿನ ಬಾಟಲಿಗಳನ್ನು ಸರಿಸಿ ಹಿಂದಕ್ಕೆ ಕೈ ಹಾಕಿದ. ಕೈ ಅಲ್ಲೇ ಆಡಿತು. ಇನ್ನೊಂದು ಸಾಲು ಸರಿಸಿದ. ಆಮೇಲೆ ಬಾಟಲಿಗಳನ್ನೆಲ್ಲ ಒಂದೊಂದಾಗಿ ನೆಲಕ್ಕಿಟ್ಟ.

ಖಾನೆಯ ಹಿಂದಿನ ತಗಡು ಬೋಳಾಗಿ ಕಂಡಿತು.

"ನಾಟಕ ಬೇಡ," ಎಂದಳು ಟೈಲರಮ್ಮ.

"ಇಲ್ಲೇ ಇತ್ತು. ನಿನ್ನೆ ಮಧ್ಯಾಹ್ನ ನೋಡಿದೀನಿ."

"ಬೀಗದ ಕೈ ಇನ್ಯಾರ ಹತ್ರ ಇದೆ?"

ಅವನು ಮಂಡಿಯೂರಿದವನು ಹಾಗೇ ಕೂತ. ನಾಲ್ಕು ದಿನದಲ್ಲಿ ಮೊದಲ ಸಲ ಅವನ ಮುಖದಲ್ಲಿ ಅವಳು ನಿಜವಾದದ್ದೊಂದು ಕಂಡಳು, ಅದು ಹೆದರಿಕೆ.

"ಇನ್ನೊಂದು ಮನೇಲಿದೆ. ನಿನ್ನೆ ಸಂಜೆ ನನ್ನ ಹೆಂಡತಿ ಬಂದಿದ್ಲು. ಕಾರಿನ ಕಾಗದ ಬೇಕು ಅಂತ."

ಫೋನು ತೆಗೆದು ಹೆಂಡತಿಗೆ ಹಚ್ಚಿದ. ಸ್ವಿಚ್ ಆಫ್. ಮತ್ತೊಮ್ಮೆ ಹಚ್ಚಿದ. ಸ್ವಿಚ್ ಆಫ್.

"ಸ್ಕೂಲಿಗೆ ಮಾಡು," ಎಂದಳು ಟೈಲರಮ್ಮ. ಯಾಕೆ ಹಾಗೆಂದಳೋ ಅವಳಿಗೂ ಆ ಕ್ಷಣಕ್ಕೆ ಸ್ಪಷ್ಟವಿರಲಿಲ್ಲ.

ಅವನು ಅವರ ಭಾಷೆಯಲ್ಲಿ ನಾಲ್ಕು ಮಾತಾಡಿದ. ಕೇಳಿಸಿಕೊಂಡ. ಫೋನನ್ನು ಮೇಜಿನ ಮೇಲಿಟ್ಟ.

"ಪುಟ್ಟಿ ಬಂದಿಲ್ವಂತೆ. ಸ್ಕೂಲಿಂದ ಪಿಕ್‌ನಿಕ್ ಇದೆ, ಬೇಗ ಬಿಡಬೇಕು ಅಂತ ಅವಳು ಐದು ಗಂಟೆಗೇ ಎಬ್ಬಿಸಿ ಕರ್ಕೊಂಡು ಹೋದ್ಲು. ಪಿಕ್‌ನಿಕ್ಕೇ ಇಲ್ವಂತೆ ಇವತ್ತು." ಅವನು ತಲೆ ಎತ್ತಿದ. "ಅವಳಿಗೆ ಆ ಮಗು ಕಂಡ್ರೇನೇ ಆಗ್ತಿರಲಿಲ್ಲ ಅತ್ತಿಗೆ. ಯಾಕೆ ಕರ್ಕೊಂಡು ಹೋಗ್ತಾಳೆ?"

ಟೈಲರಮ್ಮನ ತಲೆ ಬೇರೆ ಕಡೆ ಓಡುತ್ತಿತ್ತು. ಮಗು ಬೇಕಿದ್ದರೆ ಮಗುವನ್ನು ಕರೆದುಕೊಂಡು ಹೋಗಲಿ. ಪರರ ಪಾಸ್‌ಪೋರ್ಟ್ ಅವಳಿಗೆ ಯಾಕೆ?

ಮೇಜಿನ ಹಿಂದಿನ ಗೋಡೆಯಲ್ಲಿ ಗಂಡಹೆಂಡತಿಯ ಫೋಟೊ ತೂಗುತ್ತಿತ್ತು. ಹೆಂಡತಿಗೂ ಟೈಲರಮ್ಮನ ಹಾಗೇ ಉದ್ದ ಮುಖ, ಗಿಡ್ಡ ಗದ್ದ, ಕೂಡಿದ ಹುಬ್ಬು. ತಂಗಿಯ ಮದುವೆಯಲ್ಲಿ ಬಂದವರೆಲ್ಲ ಮಾಡಿದ ತಪ್ಪು ನೆನಪಾಯಿತು. ಗಂಡಿನ ಅತ್ತಿಗೆಯನ್ನು, ಅಂದರೆ ಈ ಫೋಟೊದವಳನ್ನು, ಹೆಣ್ಣಿನ ಅಕ್ಕ ಎಂದುಕೊಂಡು ಮಾತಾಡಿಸಿದ್ದರು, ಹೆಣ್ಣಿನ ಅಕ್ಕನನ್ನು ಗಂಡಿನ ಅತ್ತಿಗೆ ಎಂದು ಉಪಚರಿಸಿದ್ದರು. ಆಗ ಇಬ್ಬರೂ ನಕ್ಕಿದ್ದರು. ಪಾಸ್‌ಪೋರ್ಟಿನಲ್ಲಿದ್ದ ಫೋಟೊ ಒಂಬತ್ತು ವರ್ಷ ಹಳೆಯದು. ಕಿಟಕಿಯ ಹಿಂದೆ ಕೂತ ಅಧಿಕಾರಿಗೆ ಅಷ್ಟು ಹೋಲಿಕೆ ಸಾಕು.

"ವಿಮಾನ ನಿಲ್ದಾಣಕ್ಕೆ ಫೋನ್ ಮಾಡು!" ಎಂದು ಅವಳು ಕಿರುಚಿದಳು. "ಈಗಲೇ ಮಾಡು!"

ಅವನು ಫೋನು ಎತ್ತುವುದಕ್ಕೂ ಬಾಗಿಲು ಬಡಿಯುವುದಕ್ಕೂ ಸರಿಹೋಯಿತು.

ಚಿಲಕ ತೆಗೆದರೆ ಕೌಂಟರಿನ ಹೆಂಗಸು, ಅವಳ ಹಿಂದೆ ಇಬ್ಬರು ಪೊಲೀಸರು. ಅವರನ್ನು ಬಿಟ್ಟು ಅವಳು ಕೌಂಟರಿಗೆ ಮರಳಿದಳು. ಪೊಲೀಸರಲ್ಲಿ ಮುಂದಿದ್ದವಳು ನಡುವಯಸ್ಸಿನ ಹೆಂಗಸು, ಕೈಯಲ್ಲಿ ಫೈಲು. ಒಳಗೆ ಬಂದವಳೇ ಡಾಕ್ಟರಿಗೆ ಏನೋ ಹೇಳಿ, ಫೈಲಿನಿಂದ ಎರಡು ಹಾಳೆ ತೆಗೆದು ಸ್ಟೀಲಿನ ಮೇಜಿನ ಮೇಲೆ ಹರಡಿದಳು.

ಒಂದು ಹಾಳೆಯಲ್ಲಿ ಟೈಲರಮ್ಮನದೇ ಪಾಸ್‌ಪೋರ್ಟ್ ಫೋಟೊ.

"ಏನಂತೆ? ಏನಂತೆ ಹೇಳು!"

"ಬೆಳಿಗ್ಗೆ ಎಂಟೂ ಮುಕ್ಕಾಲಿನ ವಿಮಾನ," ಎಂದ ಡಾಕ್ಟರ್ ಕನ್ನಡದಲ್ಲಿ, ತುಟಿ ಅಲ್ಲಾಡಿಸದೆ. "ನಿಮ್ಮ ಪಾಸ್‌ಪೋರ್ಟಿನಲ್ಲಿ ಒಂದು ಹೆಂಗಸು ದೇಶ ಬಿಟ್ಟಿದೆ. ಜೊತೆಗೆ ಒಂದು ಮಗು. ಕೋರ್ಟು ಮುಗಿಯೋವರೆಗೂ ಪುಟ್ಟಿ ಊರು ಬಿಡಬಾರದು ಅಂತ ಆದೇಶ ಇತ್ತಲ್ಲ, ಅದು ಅವರ ಕಂಪ್ಯೂಟರಿನಲ್ಲಿ ಈಗ ಕಾಣಿಸ್ತಂತೆ. ವಿಮಾನ ನಡುವೆ ಒಂದು ಕಡೆ ಇಳಿಯುತ್ತೆ. ಇನ್ನು ನಲವತ್ತು ನಿಮಿಷಕ್ಕೆ."

ಟೈಲರಮ್ಮ ಗೋಡೆಯ ಗಡಿಯಾರ ನೋಡಿದಳು. ಒಳಗೊಂದು ಆಸೆ ಚಿಗುರಿತು. ನಲವತ್ತು ನಿಮಿಷವಿದೆ. ಹಿಡಿಯಬಹುದು.

ಪೊಲೀಸಮ್ಮ ಎರಡನೆಯ ಹಾಳೆಯ ಮೇಲೆ ಬೆರಳಿಟ್ಟು ಡಾಕ್ಟರನ್ನು ಪ್ರಶ್ನೆ ಕೇಳಿದಳು. ಈ ಸಲ ದನಿ ಮೆತ್ತಗಿರಲಿಲ್ಲ. ಅದು ಇದೇ ಆಸ್ಪತ್ರೆಯ ಹೆಸರು ಅಚ್ಚಾದ ಕಾಗದ, ಕೆಳಗೆ ಡಾಕ್ಟರ ಸಹಿ. ಮಗು ದೊಡ್ಡಮ್ಮನ ಜೊತೆ ಪ್ರಯಾಣ ಮಾಡಲು ನನ್ನ ಒಪ್ಪಿಗೆ ಇದೆ ಎಂಬ ಪತ್ರವೇ ಇರಬೇಕು. ನಾಯಿಗಳ ಲಸಿಕೆ ಸರ್ಟಿಫಿಕೇಟಿಗೆಂದು ಮೊದಲೇ ಸಹಿ ಹಾಕಿಟ್ಟ ಖಾಲಿ ಕಾಗದಗಳ ಕಟ್ಟು ಅವನ ಮೇಜಿನ ಮೇಲೇ ಬಿದ್ದಿತ್ತು. ಒಂದು ಹಾಳೆ ಎಳೆದುಕೊಳ್ಳುವುದು ಹೆಂಡತಿಗೆ ಎಷ್ಟು ಹೊತ್ತಿನ ಕೆಲಸ!

ಡಾಕ್ಟರ್ ಆ ಸಹಿಯನ್ನು ಬಗ್ಗಿ ನೋಡಿದ. ಕದ್ದವನು ಅವನು. ಸಹಿ ಅವನದು. ಓಡಿಹೋದವಳು ಅವನ ಹೆಂಡತಿ. ಯಾವ ಕಡೆಯಿಂದ ನೋಡಿದರೂ ಕೋಳ ಬೀಳುವುದು ಅವನ ಕೈಗೇ.

ಪೊಲೀಸಮ್ಮ ಈಗ ಟೈಲರಮ್ಮನ ಕಡೆ ಗದ್ದದಿಂದ ತೋರಿಸಿ ಇನ್ನೊಂದು ಪ್ರಶ್ನೆ ಕೇಳಿದಳು. ಇವರು ಯಾರು ಎಂದೇ ಇರಬೇಕು.

ಅವನು ಟೈಲರಮ್ಮನನ್ನು ನೋಡಿದ. ಮೇಜಿನ ಮೇಲಿನ ಫೋಟೊ ನೋಡಿದ. ಮತ್ತೆ ಅವಳನ್ನು ನೋಡಿದ. ಆಮೇಲೆ ನಿಧಾನವಾಗಿ ಎರಡೇ ಎರಡು ಮಾತು ಹೇಳಿ, ಡ್ರಾಯರ್ ಎಳೆದು, ಒಂದು ಪ್ಲಾಸ್ಟಿಕ್ ಕಾರ್ಡು ತೆಗೆದು ಕೊಟ್ಟ.

ಪೊಲೀಸಮ್ಮ ಕಾರ್ಡು ನೋಡಿದಳು, ಮುಖ ನೋಡಿದಳು. ಅವಳ ದನಿ ಪೂರ್ತಿ ಬದಲಾಯಿತು. ಹತ್ತಿರ ಬಂದು ಟೈಲರಮ್ಮನ ಭುಜದ ಮೇಲೆ ಕೈಯಿಟ್ಟು, ಏನೋ ಸಮಾಧಾನದ ಮಾತು ಹೇಳಿ, ಕಾರ್ಡನ್ನು ಅವಳ ಕೈಗೇ ಕೊಟ್ಟಳು.

ಅದು ಈ ದೇಶದ ಗುರುತಿನ ಕಾರ್ಡು, ಅದರ ಮೇಲಿದ್ದದ್ದು ತಂಗಿಯ ವಾರಗಿತ್ತಿಯ ಮುಖ.

"ಏನು ಹೇಳ್ದೆ ಅವರಿಗೆ?"

"ನನ್ನ ಹೆಂಡತಿ ಅಂದೆ."

ಅವಳು ಕಾರ್ಡನ್ನು ಎಸೆದಳು. ಹಾಳೆಯ ಮೇಲಿನ ಫೋಟೊಗೆ ಬೆರಳು ಚುಚ್ಚಿ ಚುಚ್ಚಿ, "ಇದು ನಾನು! ಇದು ನಾನು ಕಣಮ್ಮಾ!" ಎಂದು ಕೂಗಿದಳು. ಪೊಲೀಸಮ್ಮ ತಲೆಯಾಡಿಸಿದಳು. ಕಣ್ಣಲ್ಲಿ ಅವಳಿಗೂ ನೀರಿತ್ತು. ಮಗುವನ್ನು ಕದ್ದವಳ ಫೋಟೊ ತೋರಿಸಿ ಮನೆಯಾಕೆ ಶಪಿಸುತ್ತಿದ್ದಾಳೆ ಎಂದು ಅವಳಿಗೆ ಅರ್ಥವಾಗಿತ್ತು.

"ಜೋರಾಗಿ ಕೂಗಿ ಅತ್ತಿಗೆ," ಎಂದ ಡಾಕ್ಟರ್, ಅವಳ ಬೆನ್ನು ಸವರುತ್ತ, ಮೆಲ್ಲಗೆ. "ಮಗು ಕಳಕೊಂಡ ಹೆಂಗಸು ಹಾಗೇ ಕೂಗೋದು."

"ಲಾಡ್ಜಿಗೆ ಕರ್ಕೊಂಡು ಹೋಗಲಿ ಇವರು! ಅಲ್ಲಿ ಹೇಳ್ತಾರೆ ನಾನು ಯಾರು ಅಂತ."

"ಲಾಡ್ಜು ನಾನು ಗೊತ್ತುಮಾಡಿದ್ದು. ನನ್ನ ಹೆಂಡತಿ ಹೆಸರಲ್ಲಿ. ಪಾಸ್‌ಪೋರ್ಟ್ ತೋರಿಸೋ ರಗಳೆ ನಿಮಗೆ ಬೇಡ ಅಂದಿದ್ದೆ, ನೀವೂ ಸಂತೋಷಪಟ್ರಿ."

ಕೌಂಟರಿನ ಹೆಂಗಸು ಡಾಕ್ಟರನ ಸಂಬಳದವಳು, ಬಾಯಿ ಬಿಡುವವಳಲ್ಲ. ಈ ಊರಿನಲ್ಲಿ ಟೈಲರಮ್ಮನನ್ನು ನೋಡಿದ ಕೂಡಲೇ ಗುರುತು ಹಿಡಿದು ಕೂಗುವ ಜೀವ ಒಂದೇ ಒಂದಿತ್ತು. ಅದು ಈಗ ಆಕಾಶದಲ್ಲಿ, ಯಾವಳದೋ ಪಕ್ಕದ ಸೀಟಿನಲ್ಲಿ ಕೂತಿತ್ತು.

ಪೊಲೀಸಮ್ಮ ಫೈಲಿನಿಂದ ಒಂದು ಫಾರಂ ತೆಗೆದು ಬರೆಯತೊಡಗಿದಳು. ಡಾಕ್ಟರ್ ಹೇಳುತ್ತ ಹೋದ, ಅವಳು ಬರೆಯುತ್ತ ಹೋದಳು. ಮುಗಿದ ಮೇಲೆ ಟೈಲರಮ್ಮನ ಫೋಟೊವನ್ನು ಆ ಫಾರಂನ ಮೂಲೆಗೆ ಪಿನ್ನು ಮಾಡಿ, ಪೆನ್ನಿನ ಸಮೇತ ಅವಳ ಮುಂದೆ ಸರಿಸಿದಳು.

"ಇದು ದೂರು," ಎಂದ ಡಾಕ್ಟರ್. "ಟೈಲರಮ್ಮ ಅನ್ನೋ ಹೆಂಗಸು ನಮ್ಮ ಮನೆ ಮಗೂನ ಕದ್ದುಕೊಂಡು ಹೋಗಿದಾಳೆ, ಹಿಡಿದುಕೊಡಿ ಅಂತ. ನನ್ನ ಹೆಂಡತಿ ಅಂದ್ಮೇಲೆ ಬೆಳಿಗ್ಗೆ ಮಗು ನಿಮ್ಮ ಕೈಲಿತ್ತು, ಆದ್ದರಿಂದ ಸಹಿ ನೀವೇ ಹಾಕ್ಬೇಕು ಅಂತಾರೆ ಇವರು."

"ನನ್ನ ಮೇಲೆ ನಾನೇ ದೂರು ಕೊಡ್ಬೇಕಾ? ಥೂ! ನಿನ್ನ ಹೆಂಡತೀನ ಕಾಪಾಡೋಕೆ?"

"ಅವಳು ಹಾಳಾಗಿ ಹೋಗಲಿ. ನನ್ನನ್ನ ಕಾಪಾಡ್ಕೊಳ್ಳೋಕೆ." ಅವನ ದನಿ ನಡುಗುತ್ತಿತ್ತು, ಅದೂ ನಿಜವೇ ಇರಬೇಕು. "ಸಹಿ ಬಿದ್ರೆ ವಿಮಾನ ಇಳಿದ ತಕ್ಷಣ ಅಲ್ಲಿನ ಪೊಲೀಸರು ಬಾಗಿಲಲ್ಲೇ ಹಿಡೀತಾರೆ. ಪುಟ್ಟಿ ಸಂಜೆಗೆ ವಾಪಸ್. ಬೇಡ, ನೀವು ನೀವೇ ಅಂತ ಸಾಧಿಸ್ಬೇಕಾ? ಸಾಧಿಸಿ. ಸ್ಟೇಷನ್ನು, ವಕೀಲ, ಎಂಬಸಿ. ನಾಲ್ಕು ದಿನ. ಅಷ್ಟರಲ್ಲಿ ಅವಳು ಮಗೂನ ಎಲ್ಲಿಗೆ ಒಯ್ದಿರ್ತಾಳೋ ನನಗೂ ಗೊತ್ತಿಲ್ಲ. ಯಾಕೆ ಒಯ್ದಳೋ ಅದೂ ಗೊತ್ತಿಲ್ಲ."

"ಸಹಿ ಹಾಕಿದ್ರೆ ಮಗು ನಿನಗೆ."

"ಮಗು ಕದ್ದವಳು ಅಂತ ಒಂದು ಸಲ ಬರಹದಲ್ಲಿ ಬಿದ್ಮೇಲೆ ನಿಮಗೆ ಯಾವ ಕೋರ್ಟೂ ಕೊಡಲ್ಲ. ಅಷ್ಟಂತೂ ಹೌದು."

ಗೋಡೆಯ ಗಡಿಯಾರದಲ್ಲಿ ಹನ್ನೊಂದು ಹೊಡೆಯಲು ಐದು ನಿಮಿಷವಿತ್ತು. ಪೊಲೀಸಮ್ಮ ಕೈಗಡಿಯಾರ ನೋಡಿ, ಬೇಗ ಎನ್ನುವ ಹಾಗೆ ಪೆನ್ನನ್ನು ಇನ್ನೊಂದು ಚೂರು ಮುಂದೆ ತಳ್ಳಿದಳು.

ಟೈಲರಮ್ಮ ಕಣ್ಣೊರೆಸಿಕೊಂಡಳು. ಇವನ ಕತ್ತು ಹಿಸುಕಬೇಕು ಎನ್ನಿಸಿತು. ಮಗು ಯಾರ ಮನೆಯಲ್ಲಾದರೂ ಸರಿ, ಮೊದಲು ನೆಲದ ಮೇಲೆ ಕ್ಷೇಮವಾಗಿರಲಿ ಎಂದೂ ಅನ್ನಿಸಿತು. ಅವಳು ಪೆನ್ನು ಕೈಗೆತ್ತಿಕೊಂಡಳು.

"ನಿನ್ನ ಹೆಂಡತಿ ಸಹಿ ಹೇಗೆ ಹಾಕ್ತಾಳೆ?" ಎಂದು ಕೇಳಿದಳು. "ತೋರ್ಸು."